ಹಳೆಯ ಕಚೇರಿ ಕಂಪ್ಯೂಟರಿನ ಲ್ಯಾನ್ ಕಾರ್ಡ್: ಜೋಡಿಸುವ ಬಗೆ, ದೋಷ ಹುಡುಕುವ ಕ್ರಮ

ರಾಯಚೂರಿನ ಗಂಜಿನ ದಲಾಲಿ ಅಂಗಡಿಗಳಲ್ಲಾಗಲಿ, ಸಿಂಧನೂರಿನ ಅಕ್ಕಿ ಗಿರಣಿಗಳ ಕಚೇರಿಗಳಲ್ಲಾಗಲಿ ಹತ್ತು ಹದಿನೈದು ವರ್ಷದ ಕಂಪ್ಯೂಟರ್ ಇನ್ನೂ ದುಡಿಯುತ್ತಿದ್ದರೆ ಅದಕ್ಕೆ ಮಾಲೀಕರ ಜಿಪುಣತನವೊಂದೇ ಕಾರಣವಲ್ಲ. ವೇಬ್ರಿಡ್ಜಿನ ತೂಕ ಓದುವ ತಂತಿ ಅದರ ಸೀರಿಯಲ್ ಪೋರ್ಟಿಗೆ ಸೇರಿರುತ್ತದೆ, ಚೀಟಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಪ್ಯಾರಲಲ್ ಪೋರ್ಟನ್ನೇ ಕೇಳುತ್ತದೆ, ಹಳೆಯ ಪತ್ರಗಳೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತವೆ. ಇಂಥ ಯಂತ್ರ ಒಂದು ದಿನ ನೆಟ್‌ವರ್ಕಿನಿಂದ ಕಳಚಿಕೊಂಡಾಗ ಬರುವ ದೂರು ಒಂದೇ: ‘ನೆಟ್ ಬರವಲ್ದ್ರೀ.’ ಆ ಒಂದು ಮಾತಿನ ಹಿಂದೆ ಕೇಬಲ್, ಕಚೇರಿಯ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಡಬ್ಬಿ, ಕಂಪ್ಯೂಟರನ್ನು ಕೇಬಲಿಗೆ ಕೂಡಿಸುವ ಲ್ಯಾನ್ ಕಾರ್ಡ್, ಆ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ, ನೆಟ್‌ವರ್ಕಿನಲ್ಲಿ ಯಂತ್ರದ ಗುರುತಾದ ಐಪಿ ವಿಳಾಸ, ಕೊನೆಗೆ ಕಂಪ್ಯೂಟರಿನ ಗಡಿಯಾರ, ಹೀಗೆ ಆರೇಳು ಬೇರೆ ಬೇರೆ ದೋಷಗಳು ಅಡಗಿರಬಹುದು. ಅವುಗಳಲ್ಲಿ ಯಾವುದೆಂದು ನೋಡದೆ ‘ಫಾರ್ಮ್ಯಾಟ್ ಹೊಡೆಯೋಣ’ ಎನ್ನುವವರ ಕೈಗೆ ಯಂತ್ರ ಕೊಟ್ಟರೆ ನೆಟ್ ಬರಬಹುದು, ಆದರೆ ವೇಬ್ರಿಡ್ಜಿನ ತಂತ್ರಾಂಶ ಹೋಗುತ್ತದೆ, ಅದರ ಸಿಡಿ ಯಾರ ಬಳಿಯೂ ಇರುವುದಿಲ್ಲ.

ಆದ್ದರಿಂದ ಈ ಮಾರ್ಗದರ್ಶಿ ತಂತಿಯಿಂದ ಆರಂಭಿಸಿ ಒಂದೊಂದೇ ಹಂತ ಮೇಲಕ್ಕೆ ಹೋಗುತ್ತದೆ. ಕೆಳಗಿನ ಹಂತ ಸರಿಯಿದೆ ಎಂದು ಖಚಿತವಾಗುವವರೆಗೆ ಮೇಲಿನದನ್ನು ಮುಟ್ಟಬಾರದು, ಮತ್ತು ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು.

ಕೈ ಹಚ್ಚುವ ಮುನ್ನ

ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಕಂಪ್ಯೂಟರ್ ಇನ್ನೂ ಚಾಲೂ ಆಗುತ್ತಿದ್ದರೆ ಸ್ಟಾರ್ಟ್ ಮೆನುವಿನಿಂದ ‘ಸಿಎಂಡಿ’ ತೆರೆದು ‘ಐಪಿಕಾನ್ಫಿಗ್ /ಆಲ್’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಬಂದ ಪರದೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ (ಹೊರಗೆ ಹೋಗುವ ಬಾಗಿಲಾದ ರೂಟರಿನ ವಿಳಾಸ), ಡಿಎನ್ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಯಂತ್ರದ ವಿಳಾಸ), ಫಿಸಿಕಲ್ ಅಡ್ರೆಸ್ ಎಂಬ ಹನ್ನೆರಡು ಅಕ್ಷರ–ಅಂಕಿಗಳ ಸಾಲು, ಇವೆಲ್ಲ ಮುಂದೆ ಬೇಕಾಗುತ್ತವೆ. ವಿಂಡೋಸಿಗೂ ಮೊದಲು ಏಳುವ, ಮದರ್‌ಬೋರ್ಡಿನ ಆಯ್ಕೆಗಳಿರುವ ಬಯೋಸ್ ಪರದೆಗಳ ಫೋಟೊವನ್ನೂ ತೆಗೆದಿಡಿ, ಏಕೆಂದು ಬ್ಯಾಟರಿಯ ವಿಷಯ ಬಂದಾಗ ತಿಳಿಯುತ್ತದೆ. ಲೆಕ್ಕಪತ್ರದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ.

ಚೀಲದಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ: ಸರಿಯಿದೆ ಎಂದು ಖಾತ್ರಿಯಾದ ಮೂರು ಮೀಟರ್ ಕೇಬಲ್, ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್, ಅಗ್ಗದ ಕೇಬಲ್ ಟೆಸ್ಟರ್, ಸ್ಕ್ರೂಡ್ರೈವರ್, ಬಣ್ಣ ಬಳಿಯುವ ಮೆತ್ತನೆಯ ಬ್ರಷ್, ಡ್ರೈವರ್‌ಗಳಿರುವ ಪೆನ್‌ಡ್ರೈವ್. ಇವುಗಳಲ್ಲಿ ಮೊದಲ ಎರಡೇ ಅರ್ಧ ಕೆಲಸ ಮುಗಿಸುತ್ತವೆ. ಅನುಮಾನದ ಕೇಬಲ್ ಬದಲು ನಮ್ಮ ಕೇಬಲ್ ಹಾಕಿದಾಗ, ಅನುಮಾನದ ಪೋರ್ಟ್ ಬದಲು ನಮ್ಮ ಅಡಾಪ್ಟರ್ ಹಾಕಿದಾಗ ನೆಟ್ ಬಂದರೆ ದೋಷ ಎಲ್ಲಿದೆಯೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೊದಲ ಹಂತ: ದೀಪ, ಕೇಬಲ್, ಸ್ವಿಚ್

ಸಿಪಿಯು ಡಬ್ಬಿಯ ಹಿಂದೆ ಕೇಬಲ್ ಸೇರುವ ಪೋರ್ಟಿನ ಪಕ್ಕದಲ್ಲಿ ಎರಡು ಪುಟ್ಟ ದೀಪಗಳಿರುತ್ತವೆ. ಸಾಮಾನ್ಯವಾಗಿ ಒಂದು ಸಂಪರ್ಕ ಕೂಡಿದೆಯೆಂದು ಸ್ಥಿರವಾಗಿ ಉರಿಯುತ್ತದೆ, ಇನ್ನೊಂದು ಮಾಹಿತಿ ಹರಿಯುವಾಗ ಮಿನುಗುತ್ತದೆ. ಎರಡೂ ಆರಿದ್ದರೆ ವಿಂಡೋಸಿನೊಳಗೆ ಹೋಗಿ ಹುಡುಕುವುದರಲ್ಲಿ ಸದ್ಯಕ್ಕೆ ಅರ್ಥವಿಲ್ಲ. ಕೇಬಲನ್ನು ಸ್ವಿಚ್ಚಿನ ಬೇರೆ ಪೋರ್ಟಿಗೆ ಹಾಕಿ ನೋಡಿ, ಆಮೇಲೆ ನಿಮ್ಮ ಕೇಬಲ್ ಹಾಕಿ ನೋಡಿ.

ಕೇಬಲಿನ ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ಪಿನ್ ಒಳಗೆ ಸರಿಯಾಗಿ ಕೂರುವುದಿಲ್ಲ. ಮೇಜು ಅಲುಗಾಡಿದಾಗಲೆಲ್ಲ ನೆಟ್ ಹೋಗಿ ಬರುವ ದೂರಿಗೆ ನಾನು ಕಂಡ ಅತಿ ಸಾಮಾನ್ಯ ಕಾರಣ ಇದೇ. ತುದಿ ಕತ್ತರಿಸಿ ಹೊಸ ಪಿನ್ ಹಾಕುವಾಗ ಬಣ್ಣದ ಕ್ರಮ ಎರಡೂ ಕಡೆ ಒಂದೇ ಆಗಿರಬೇಕು: ಕ್ಲಿಪ್ ಕೆಳಗಿರುವಂತೆ, ತಂತಿ ನಮ್ಮ ಕಡೆ ಬರುವಂತೆ ಹಿಡಿದಾಗ ಎಡದಿಂದ ಬಿಳಿ–ಕಿತ್ತಳೆ, ಕಿತ್ತಳೆ, ಬಿಳಿ–ಹಸಿರು, ನೀಲಿ, ಬಿಳಿ–ನೀಲಿ, ಹಸಿರು, ಬಿಳಿ–ಕಂದು, ಕಂದು. 100 ಎಂಬಿಪಿಎಸ್ ವೇಗಕ್ಕೆ 1, 2, 3 ಮತ್ತು 6ನೆಯ ತಂತಿಗಳು ಸಾಕು, ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಗಿಗಾಬಿಟ್ ಕಾರ್ಡ್, ಗಿಗಾಬಿಟ್ ಸ್ವಿಚ್ ಎರಡೂ ಇದ್ದು ವೇಗ ಮಾತ್ರ 100ರಲ್ಲೇ ನಿಂತಿದ್ದರೆ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತುಂಡಾಗಿರುವ ಸಾಧ್ಯತೆ ಹೆಚ್ಚು. ಒಂದು ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬಗ್ಗಿಸಿದಲ್ಲೇ ಒಳಗೆ ಮುರಿಯುತ್ತದೆ. ಇಲಿ ಓಡಾಡುವ ಗೋದಾಮಿನ ಮೂಲಕ ತಂತಿ ಎಳೆಯುವುದಾದರೆ ಪೈಪಿನೊಳಗೇ ಎಳೆಯಿರಿ. ಗಿರಣಿಯ ಮೋಟಾರಿಗೆ ಹೋಗುವ ದಪ್ಪ ವಯರಿನ ಜೊತೆಗೆ ಒಂದೇ ಪೈಪಿನಲ್ಲಿ ಎಂದಿಗೂ ಬೇಡ: ಅಪಾಯ ಒಂದು ಕಡೆಗಿರಲಿ, ಮೋಟಾರ್ ಸ್ಟಾರ್ಟ್ ಆದಾಗಲೆಲ್ಲ ಸಂಪರ್ಕ ಕೆಡಬಹುದು.

ಸ್ವಿಚ್ಚನ್ನು ಯಾರೂ ಅನುಮಾನಿಸುವುದಿಲ್ಲ, ಅದೇ ತಪ್ಪು. ಅಟ್ಟದ ಮೇಲೆ ಅಕ್ಕಿ ತೌಡಿನ ಧೂಳು ಹೊದ್ದು ಕೂತ ಎಂಟು ಪೋರ್ಟಿನ ಸ್ವಿಚ್ ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನ ನಿಂತುಹೋಗಿ ಸಂಜೆ ತಾನಾಗಿ ಚೇತರಿಸಿಕೊಂಡರೆ, ಸ್ವಿಚ್ಚಿಗಿಂತ ಮೊದಲು ಅದರ ಪುಟ್ಟ ಪವರ್ ಅಡಾಪ್ಟರನ್ನು ಬದಲಿಸಿ ನೋಡಬೇಕು. ಹೊಸದರ ವೋಲ್ಟೇಜು ಮತ್ತು ತುದಿಯ ಧ್ರುವ ಹಳೆಯದರಂತೆಯೇ ಇರಬೇಕು, ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ. ಇಡೀ ಕಚೇರಿಯ ನೆಟ್ ಒಟ್ಟಿಗೇ ಹೋಗಿ, ಸ್ವಿಚ್ಚಿನ ಎಲ್ಲ ದೀಪಗಳೂ ಒಂದೇ ಸಮನೆ ಹುಚ್ಚುಹುಚ್ಚಾಗಿ ಮಿನುಗುತ್ತಿದ್ದರೆ, ಕಸ ಗುಡಿಸುವಾಗ ಬಿದ್ದ ಕೇಬಲನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಅದೇ ಸ್ವಿಚ್ಚಿಗೆ ಸಿಕ್ಕಿಸಿರುತ್ತಾರೆ. ಎರಡೂ ತುದಿ ಒಂದೇ ಸ್ವಿಚ್ಚಿನಲ್ಲಿರುವ ಆ ಕೇಬಲನ್ನು ತೆಗೆದರೆ ಎಲ್ಲವೂ ಶಾಂತವಾಗುತ್ತದೆ.

ಮುಂಗಾರಿಗೆ ಮುನ್ನ ಬರುವ ಗುಡುಗು ಮಳೆಯ ಮರುದಿನ ಪೋರ್ಟುಗಳು ಸತ್ತಿರುವುದುಂಟು. ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ಎಳೆದ ತಾಮ್ರದ ಲ್ಯಾನ್ ಕೇಬಲ್ ಸಿಡಿಲಿನ ಹೊಡೆತವನ್ನು ನೇರ ಒಳಗೆ ತರುತ್ತದೆ. ಅಲ್ಲಿ ಪೋರ್ಟ್ ಮೇಲೆ ಪೋರ್ಟ್ ಬದಲಿಸುತ್ತ ಕೂರುವುದಕ್ಕಿಂತ ಲೋಹದ ಎಳೆಯಿಲ್ಲದ ಫೈಬರ್ ಕೇಬಲ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕುವುದು ಲೇಸು, ಏಕೆಂದರೆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಎರಡನೆಯ ಹಂತ: ಕಂಪ್ಯೂಟರಿಗೆ ಕಾರ್ಡ್ ಕಾಣುತ್ತಿದೆಯೇ?

ಕೇಬಲ್ ಸರಿಯಿದೆ ಎಂದಾದ ಮೇಲೆ ವಿಂಡೋಸ್ ಗುಂಡಿ ಮತ್ತು ‘ಆರ್’ ಅಕ್ಷರವನ್ನು ಒಟ್ಟಿಗೆ ಒತ್ತಿ ‘ಡೆವ್‌ಎಂಜಿಎಂಟಿ.ಎಂಎಸ್‌ಸಿ’ ಎಂದು ಕೊಟ್ಟು ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಸಾಲಿನ ಕೆಳಗೆ (ಡ್ರೈವರ್ ಇಲ್ಲದಿದ್ದರೆ ‘ಅದರ್ ಡಿವೈಸಸ್’ ಕೆಳಗೆ) ನಾಲ್ಕು ಸ್ಥಿತಿಗಳಲ್ಲಿ ಒಂದು ಕಾಣುತ್ತದೆ. ಕಾರ್ಡಿನ ಹೆಸರು ಯಾವ ಗುರುತೂ ಇಲ್ಲದೆ ಇದ್ದರೆ ನಾಲ್ಕನೆಯ ಹಂತಕ್ಕೆ ಹೋಗಿ. ಕೆಳಮುಖ ಬಾಣವಿದ್ದರೆ ಅಥವಾ 22ನೆಯ ಕೋಡ್ ಇದ್ದರೆ ಯಾರೋ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ, ಬಲ ಕ್ಲಿಕ್ ಮಾಡಿ ‘ಎನೇಬಲ್’ ಒತ್ತಿದರೆ ಮುಗಿಯಿತು. ಹಳದಿ ಗುರುತಿದ್ದರೆ ಡ್ರೈವರಿನ ವಿಷಯ: 28ನೆಯ ಕೋಡ್ ಎಂದರೆ ಡ್ರೈವರೇ ಇಲ್ಲ, 10 ಎಂದರೆ ಸಾಧನ ಆರಂಭವಾಗುತ್ತಿಲ್ಲ, 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ.

ಹೆಸರೇ ಇಲ್ಲದಿದ್ದರೆ? ಹಳೆಯ ಮದರ್‌ಬೋರ್ಡುಗಳಲ್ಲಿ ಹೀಗಾದಾಗ ಪೋರ್ಟ್ ಸತ್ತಿತೆಂದು ತೀರ್ಮಾನಿಸುವ ಮೊದಲು ಒಂದು ಕೆಲಸ ಮಾಡಬೇಕು. ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಪವರ್ ಕೇಬಲನ್ನೂ ಲ್ಯಾನ್ ಕೇಬಲನ್ನೂ ಪೂರ್ತಿ ಕಿತ್ತು, ಚಾಲೂ ಮಾಡುವ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಐದು ನಿಮಿಷ ಹಾಗೇ ಬಿಡಬೇಕು. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ವಿದ್ಯುತ್ ಇರುವವರೆಗೆ ಪವರ್ ಸಪ್ಲೈ 5 ವೋಲ್ಟಿನ ಒಂದು ಎಳೆಯನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ, ಆಫ್ ಮಾಡಿದ ಮೇಲೂ ಲ್ಯಾನ್ ದೀಪ ಉರಿಯುವುದು ಅದರಿಂದಲೇ. ವಿದ್ಯುತ್ ಏರಿಳಿತದಲ್ಲಿ ಸಿಕ್ಕಿ ಗೊಂದಲಗೊಂಡ ಲ್ಯಾನ್ ಚಿಪ್, ಯಂತ್ರವನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಆ ಎಳೆಯ ಬಲದಿಂದ ಅದೇ ಗೊಂದಲದಲ್ಲಿ ಉಳಿಯುತ್ತದೆ. ಪೂರ್ತಿ ವಿದ್ಯುತ್ ಕಳೆದ ಮೇಲೆ ಹೊಸದಾಗಿ ಏಳುವುದುಂಟು. ಆಮೇಲೂ ಕಾಣದಿದ್ದರೆ ಬಯೋಸಿನಲ್ಲಿ ‘ಆನ್‌ಬೋರ್ಡ್ ಲ್ಯಾನ್’ ಎಂಬುದು ‘ಎನೇಬಲ್ಡ್’ ಆಗಿದೆಯೇ ನೋಡಿ. ಅದೂ ಸರಿಯಿದ್ದರೆ ಪೋರ್ಟ್ ಹೋಗಿದೆ, ಬೇರೆ ಕಾರ್ಡ್ ಹಾಕಬೇಕು.

ಡ್ರೈವರ್ ಹುಡುಕುವುದು

ಹೆಸರು ತಿಳಿಯದ ಕಾರ್ಡಿನ ಗುರುತು ಅದರೊಳಗೇ ಇರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಅದರ ಪ್ರಾಪರ್ಟೀಸ್ ತೆರೆದು ‘ಡೀಟೇಲ್ಸ್’ನಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆರಿಸಿದರೆ ವೆಂಡರ್ ಸಂಖ್ಯೆಯೂ ಡಿವೈಸ್ ಸಂಖ್ಯೆಯೂ ಕಾಣುತ್ತವೆ. ವೆಂಡರ್ 10ಇಸಿ ಎಂದಿದ್ದರೆ ರಿಯಲ್‌ಟೆಕ್, 8086 ಇಂಟೆಲ್, 14ಇ4 ಬ್ರಾಡ್‌ಕಾಮ್, 1969 ಅಥೆರೋಸ್. ರಿಯಲ್‌ಟೆಕ್‌ನಲ್ಲಿ ಡಿವೈಸ್ 8139 ಆಗಿದ್ದರೆ 100 ಎಂಬಿಪಿಎಸ್‌ನ ಹಳೆಯ ಕಾರ್ಡ್, 8168 ಆಗಿದ್ದರೆ ಗಿಗಾಬಿಟ್. ಈ ಎರಡು ಸಂಖ್ಯೆ ಹಿಡಿದು ಮದರ್‌ಬೋರ್ಡ್ ಅಥವಾ ಚಿಪ್ ತಯಾರಕರ ಅಧಿಕೃತ ತಾಣದಲ್ಲೇ ಡ್ರೈವರ್ ಪಡೆಯಿರಿ. ಎಲ್ಲ ಡ್ರೈವರನ್ನೂ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಉಚಿತ ತಂತ್ರಾಂಶಗಳನ್ನು ಲೆಕ್ಕಪತ್ರವಿರುವ ಯಂತ್ರಕ್ಕೆ ನಾನು ಹತ್ತಿರವೂ ಬಿಡುವುದಿಲ್ಲ. ವಿಂಡೋಸ್ 32 ಬಿಟ್ಟಿನದೋ 64 ಬಿಟ್ಟಿನದೋ ನೋಡಿಯೇ ಡ್ರೈವರ್ ಆರಿಸಬೇಕು.

ನೆಟ್ಟೇ ಇಲ್ಲದ ಯಂತ್ರಕ್ಕೆ ಡ್ರೈವರ್ ತರುವುದಕ್ಕೆ ಪೆನ್‌ಡ್ರೈವ್ ಇದೆ. ವಿಂಡೋಸ್ 10 ಇದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿದರೂ ಸಾಮಾನ್ಯವಾಗಿ ಸಾಕಾಗುತ್ತದೆ. ವಿಂಡೋಸ್ 7ರಲ್ಲಿ ಹೊಸ ಡ್ರೈವರ್ ಹಾಕಿದಾಗ 52ನೆಯ ಕೋಡ್ ಬಂದರೆ ಡ್ರೈವರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹೊಸ ಡ್ರೈವರ್‌ಗಳ ಸಹಿ ಎಸ್‌ಎಚ್‌ಎ–2 ಕ್ರಮದಲ್ಲಿರುತ್ತದೆ, ಅದನ್ನು ಓದಲು ವಿಂಡೋಸ್ 7ಕ್ಕೆ ಕೆಬಿ3033929 ಎಂಬ ಅಪ್‌ಡೇಟ್ ಬೇಕು. ಅದನ್ನು ಹಾಕಲಾಗದಿದ್ದರೆ ಹಳೆಯ ಆವೃತ್ತಿಯ ಡ್ರೈವರನ್ನೇ ಹುಡುಕಿ ಹಾಕಿ.

ಮೂರನೆಯ ಹಂತ: ಹೊಸ ಕಾರ್ಡ್ ಹಾಕುವುದು

ಕಾರ್ಡ್ ಕೊಳ್ಳುವ ಮುನ್ನ ಡಬ್ಬಿ ತೆರೆದು ಖಾಲಿ ಸ್ಲಾಟ್ ಯಾವುದಿದೆ ನೋಡಿ. ಉದ್ದನೆಯ, ಹೆಚ್ಚಾಗಿ ಬಿಳಿ ಬಣ್ಣದ್ದು ಹಳೆಯ ಪಿಸಿಐ. ಹೆಬ್ಬೆರಳಿನ ಗೆಣ್ಣಿನಷ್ಟಿರುವ ಚಿಕ್ಕದು ಪಿಸಿಐ ಎಕ್ಸ್‌ಪ್ರೆಸ್. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ತೆಳ್ಳನೆಯ ಕಚೇರಿ ಡಬ್ಬಿಗಳಾದರೆ ಗಿಡ್ಡ ಪಟ್ಟಿಯಿರುವ ಕಾರ್ಡನ್ನೇ ಕೇಳಿ ತರಬೇಕು, ಇಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ.

ಪವರ್ ಕೇಬಲ್ ಕಿತ್ತು, ಡಬ್ಬಿಯ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ ಕಳೆದುಕೊಂಡು, ಸ್ಲಾಟಿನ ಧೂಳನ್ನು ಬ್ರಷ್ಷಿನಿಂದ ತೆಗೆದು, ಕಾರ್ಡನ್ನು ಎರಡೂ ಅಂಚು ಹಿಡಿದು ನೇರವಾಗಿ ಒತ್ತಿ ಕೂರಿಸಿ, ಸ್ಕ್ರೂ ಬಿಗಿಯಿರಿ. ಬಳ್ಳಾರಿ, ಕೊಪ್ಪಳದ ಕಬ್ಬಿಣದ ಕಾರ್ಖಾನೆಗಳ ಸುತ್ತಲಿನ ಕಚೇರಿಗಳಲ್ಲಿ ಒಳಗೆ ಕೂರುವ ಸಣ್ಣ ಪುಡಿಯಲ್ಲಿ ಕಬ್ಬಿಣವೂ ಇರಬಹುದು. ಅಲ್ಲಿ ಬ್ಲೋವರ್ ಹಿಡಿದು ಒಳಗೇ ಹಾರಿಸುವುದಕ್ಕಿಂತ ಡಬ್ಬಿಯನ್ನು ಹೊರಗೆ ಒಯ್ದು ಶುಚಿ ಮಾಡುವುದು ಸುರಕ್ಷಿತ. ಹಳೆಯ ಕಾರ್ಡಿನ ಹೊನ್ನ ಬಣ್ಣದ ಹಲ್ಲುಗಳು ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜುವ ನಮ್ಮ ಕಡೆಯ ಅಭ್ಯಾಸ ಕೆಲಸ ಮಾಡುತ್ತದೆ, ಆದರೆ ಜೋರಾಗಿ ಉಜ್ಜಿದರೆ ಲೇಪವೇ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಅದೇ ಮೇಲು.

ಹೊಸ ಕಾರ್ಡಿಗೆ ಹಳೆಯ ಐಪಿ ವಿಳಾಸವನ್ನೇ ಕೊಡಲು ಹೋದಾಗ ‘ಈ ವಿಳಾಸ ಬೇರೊಂದು ಅಡಾಪ್ಟರಿಗೆ ಕೊಟ್ಟಾಗಿದೆ’ ಎಂಬ ಅರ್ಥದ ಎಚ್ಚರಿಕೆ ಬರುತ್ತದೆ. ಕಿತ್ತೆಸೆದ ಹಳೆಯ ಕಾರ್ಡಿನ ದಾಖಲೆ ವಿಂಡೋಸಿನಲ್ಲಿ ಮರೆಯಾಗಿ ಉಳಿದಿರುವುದು ಇದಕ್ಕೆ ಕಾರಣ. ಡಿವೈಸ್ ಮ್ಯಾನೇಜರಿನ ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಆರಿಸಿ, ಮಸುಕಾಗಿ ಕಾಣುವ ಹಳೆಯ ಹೆಸರನ್ನು ಬಲ ಕ್ಲಿಕ್ ಮಾಡಿ ‘ಅನ್‌ಇನ್‌ಸ್ಟಾಲ್’ ಕೊಡಿ.

ನಾಲ್ಕನೆಯ ಹಂತ: ವಿಳಾಸ

ಇಷ್ಟಾದ ಮೇಲೆ ‘ಐಪಿಕಾನ್ಫಿಗ್’ ಕೊಟ್ಟಾಗ ವಿಳಾಸ 169.254 ಎಂದು ಆರಂಭವಾದರೆ ಕಂಪ್ಯೂಟರ್ ವಿಳಾಸ ಕೇಳಿದೆ, ಕೊಡಬೇಕಾದ ರೂಟರ್ ಉತ್ತರಿಸಿಲ್ಲ, ಅದು ತಾನೇ ಒಂದನ್ನು ಹಚ್ಚಿಕೊಂಡಿದೆ ಎಂದರ್ಥ. ಆಗ ಮತ್ತೆ ಕೇಬಲ್, ಸ್ವಿಚ್, ರೂಟರ್ ಕಡೆ ನೋಡಬೇಕು.

ಫೋನ್ ಲೈನಿನ ಹಳೆಯ ಮೋಡೆಮ್ ತೆಗೆದು ಫೈಬರ್ ಹಾಕಿಸಿಕೊಂಡ ಕಚೇರಿಗಳಲ್ಲಿ ಇನ್ನೊಂದು ತೊಡಕು ಕಾಣುತ್ತದೆ. ಹಳೆಯ ಮೋಡೆಮಿನ ವಿಳಾಸ 192.168.0.1 ಇದ್ದು ಹೊಸದರದು 192.168.1.1 ಆಗಿದ್ದರೆ, ಕೈಯಾರೆ ವಿಳಾಸ ಬರೆದಿಟ್ಟ ಹಳೆಯ ಕಂಪ್ಯೂಟರ್‌ಗಳೆಲ್ಲ ಇಲ್ಲದ ಬಾಗಿಲನ್ನೇ ತಟ್ಟುತ್ತಿರುತ್ತವೆ. ಮೊಬೈಲಿಗೆ ನೆಟ್ ಬರುತ್ತದೆ, ಹಳೆಯ ಯಂತ್ರಗಳಿಗೆ ಬರುವುದಿಲ್ಲ, ಆದ್ದರಿಂದ ಯಂತ್ರವೇ ಕೆಟ್ಟಿದೆ ಎಂದು ಎಲ್ಲರೂ ನಂಬುತ್ತಾರೆ. ‘ಎನ್‌ಸಿಪಿಎ.ಸಿಪಿಎಲ್’ ತೆರೆದು, ಅಡಾಪ್ಟರಿನ ಪ್ರಾಪರ್ಟೀಸಿನಲ್ಲಿ ಐಪಿ ಆವೃತ್ತಿ 4ನ್ನು ಆರಿಸಿ, ವಿಳಾಸ ತಾನಾಗಿ ಬರುವಂತೆ ಇಟ್ಟರೆ ಸರಿಹೋಗುತ್ತದೆ. ಲೆಕ್ಕಪತ್ರ ಹಂಚುವ ಯಂತ್ರ, ನೆಟ್‌ವರ್ಕ್ ಪ್ರಿಂಟರ್ ಇವಕ್ಕೆ ಮಾತ್ರ ಸ್ಥಿರ ವಿಳಾಸ ಕೊಡಿ, ಅದೂ ರೂಟರ್ ತಾನಾಗಿ ಹಂಚುವ ವ್ಯಾಪ್ತಿಯ ಹೊರಗಿನದು. ಇಲ್ಲವಾದರೆ ಯಾರದೋ ಫೋನಿಗೆ ಅದೇ ವಿಳಾಸ ಹೋಗಿ ಎರಡೂ ಜಗಳವಾಡುತ್ತವೆ.

ನಂತರ ಆಚೆಯ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ‘ಪಿಂಗ್’ ಆದೇಶವನ್ನು ಹತ್ತಿರದಿಂದ ದೂರಕ್ಕೆ ಕೊಡುತ್ತ ಹೋಗಿ: ಮೊದಲು ಯಂತ್ರ ತನ್ನನ್ನೇ ಕರೆಯುವ 127.0.0.1, ಆಮೇಲೆ ಗೇಟ್‌ವೇ, ಆಮೇಲೆ ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ 8.8.8.8, ಕೊನೆಗೆ ಒಂದು ತಾಣದ ಹೆಸರು. ಮೊದಲನೆಯದೇ ಸೋತರೆ ವಿಂಡೋಸಿನ ನೆಟ್‌ವರ್ಕ್ ಪದರ ಕೆಟ್ಟಿದೆ. ಆಡಳಿತಗಾರನ ಹಕ್ಕಿನಿಂದ ‘ನೆಟ್‌ಶ್ ವಿನ್‌ಸಾಕ್ ರೀಸೆಟ್’ ಮತ್ತು ‘ನೆಟ್‌ಶ್ ಇಂಟ್ ಐಪಿ ರೀಸೆಟ್’ ಕೊಟ್ಟು ರೀಸ್ಟಾರ್ಟ್ ಮಾಡಿ. ಎರಡನೆಯದು ಸ್ಥಿರ ವಿಳಾಸವನ್ನು ಅಳಿಸಿಬಿಡುತ್ತದೆ, ಮೊದಲೇ ತೆಗೆದ ಫೋಟೊ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗೇಟ್‌ವೇವರೆಗೆ ಸರಿಯಿದ್ದು ಮುಂದೆ ಸೋತರೆ ದೋಷ ರೂಟರಿನಲ್ಲಿ ಅಥವಾ ಅದರಾಚೆಗಿದೆ. 8.8.8.8 ಸಿಕ್ಕು ಹೆಸರು ಮಾತ್ರ ಸಿಗದಿದ್ದರೆ ಡಿಎನ್ಎಸ್ ವಿಳಾಸ ಸರಿಪಡಿಸಿ.

ಎಲ್ಲ ಸರಿಯಿದ್ದರೂ ತಾಣ ತೆರೆಯದಿದ್ದರೆ

ಪಿಂಗ್ ಎಲ್ಲವೂ ಗೆದ್ದು, ಬ್ರೌಸರ್ ಮಾತ್ರ ಪ್ರತಿಯೊಂದು ತಾಣವೂ ಅಸುರಕ್ಷಿತವೆಂದು ಹೇಳಿದರೆ ಪರದೆಯ ಬಲ ಮೂಲೆಯ ದಿನಾಂಕ ನೋಡಿ. ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಂಥ ಬ್ಯಾಟರಿ ಇಳಿದಿದ್ದರೆ, ವಿದ್ಯುತ್ ಹೋದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾಣಗಳ ಸುರಕ್ಷಾ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಕೊನೆಯ ದಿನವೂ ಇರುವುದರಿಂದ, ಗಡಿಯಾರ ಹಿಂದಿರುವ ಕಂಪ್ಯೂಟರಿಗೆ ಇಂದಿನ ಪತ್ರ ಇನ್ನೂ ಹುಟ್ಟಿಯೇ ಇಲ್ಲದಂತೆ ಕಾಣುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರುಗಳಲ್ಲಿ ಈ ದೋಷ ಪದೇ ಪದೇ ಬರುತ್ತದೆ, ಪ್ರತಿ ಸಲವೂ ಬೈಸಿಕೊಳ್ಳುವುದು ಲ್ಯಾನ್ ಕಾರ್ಡ್. ಬ್ಯಾಟರಿ ಬದಲಿಸಿದ ಮೇಲೆ ಬಯೋಸಿನ ಆಯ್ಕೆಗಳು ಮೂಲಸ್ಥಿತಿಗೆ ಮರಳಿರಬಹುದು. ಹಾರ್ಡ್‌ಡಿಸ್ಕಿನ ಕ್ರಮ ಐಡಿಇಯಿಂದ ಎಎಚ್‌ಸಿಐಗೆ ಬದಲಾಗಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಬಯೋಸಿನ ಫೋಟೊ ತೆಗೆದಿಡಲು ಹೇಳಿದ್ದು ಇದಕ್ಕೇ.

ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಈಗಿನ ತಾಣಗಳು ಕೇಳುವ ಟಿಎಲ್‌ಎಸ್ 1.2 ಎಂಬ ಸುರಕ್ಷಾ ಪದ್ಧತಿ ಗೊತ್ತಿಲ್ಲ. ಅಲ್ಲಿ ತಾಣ ತೆರೆಯದಿದ್ದರೆ ಯಾವ ಕಾರ್ಡ್ ಬದಲಿಸಿದರೂ ಫಲವಿಲ್ಲ.

ನಿಧಾನ, ಮತ್ತು ಬಂದು ಹೋಗುವ ಸಂಪರ್ಕ

ಇದು ಹುಡುಕಲು ಅತಿ ಕಷ್ಟದ ದೋಷ. ಹಿಂದೆ ಯಾರೋ ಅಡಾಪ್ಟರಿನ ‘ಅಡ್ವಾನ್ಸ್ಡ್’ ಪುಟದಲ್ಲಿ ‘ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್’ ಅನ್ನು 100 ಫುಲ್ ಎಂದು ಕಟ್ಟಿಟ್ಟಿರುತ್ತಾರೆ. ಎದುರಿನ ಸ್ವಿಚ್ ತಾನೇ ಮಾತಾಡಿ ವೇಗ ನಿರ್ಧರಿಸುವ ಬಗೆಯದಾದ್ದರಿಂದ, ಉತ್ತರ ಸಿಗದೆ ಹಾಫ್ ಡ್ಯೂಪ್ಲೆಕ್ಸಿಗೆ ಇಳಿಯುತ್ತದೆ. ಒಂದು ಕಡೆಯವರು ಕೇಳುತ್ತಲೇ ಮಾತಾಡುತ್ತಾರೆ, ಇನ್ನೊಂದು ಕಡೆಯವರು ಸರದಿಗಾಗಿ ಕಾಯುತ್ತಾರೆ, ನಡುವೆ ಮಾಹಿತಿ ಢಿಕ್ಕಿ ಹೊಡೆಯುತ್ತದೆ. ಪಿಂಗ್ ಚೆನ್ನಾಗಿ ಬಂದರೂ ದೊಡ್ಡ ಫೈಲ್ ನಕಲು ಮಾಡಿದಾಗ ಎಮ್ಮೆಯಂತೆ ನಡೆಯುವುದು ಇದರ ಲಕ್ಷಣ. ‘ಆಟೊ ನೆಗೋಷಿಯೇಷನ್’ಗೆ ಮರಳಿಸಿ. ಸ್ವಲ್ಪ ಹೊತ್ತು ಬಿಟ್ಟು ಬಂದಾಗ ನೆಟ್ ಹೋಗಿದ್ದರೆ ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಗುರುತು ತೆಗೆಯಿರಿ. ‘ನೆಟ್‌ಸ್ಟಾಟ್ –ಇ’ ಆದೇಶ ಕೊಟ್ಟಾಗ ಎರರ್‌ಗಳ ಸಂಖ್ಯೆ ಏರುತ್ತಲೇ ಇದ್ದರೆ ಮತ್ತೆ ಕೇಬಲಿಗೇ ಬನ್ನಿ.

ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸ್ಥಿರವಾಗಿ ಕೂತ ಯಂತ್ರಕ್ಕೆ ತಂತಿಯೇ ಮೇಲು. ಹಳೆಯ ಅಗ್ಗದ ಡಾಂಗಲ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವುದರಿಂದ ರೂಟರಿನ 5 ಗಿಗಾಹರ್ಟ್ಸ್ ಹೆಸರು ಅವಕ್ಕೆ ಕಾಣುವುದೇ ಇಲ್ಲ, ವಿಂಡೋಸ್ 7 ಡಬ್ಲ್ಯೂಪಿಎ3 ಭದ್ರತೆಗೆ ಕೂಡುವುದಿಲ್ಲ ಎಂಬೆರಡು ಮಾತು ನೆನಪಿದ್ದರೆ ಸಾಕು.

ಹಳೆಯದೂ ಹೊಸದೂ ಒಂದೇ ಕಚೇರಿಯಲ್ಲಿ

ವಿಂಡೋಸ್ ಎಕ್ಸ್‌ಪಿಗೆ ಫೈಲ್ ಹಂಚಿಕೊಳ್ಳಲು ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೆಯ ಪದ್ಧತಿ ಮಾತ್ರ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಅದರದೇ ಬಿರುಕಿನಿಂದ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಅದನ್ನು ಹೊಸ ಯಂತ್ರಗಳಲ್ಲಿ ಮೊದಲಿನಿಂದಲೇ ಕೈಬಿಡಲಾಗಿದೆ. ಹೊಸ ಕಂಪ್ಯೂಟರ್ ತಂದ ದಿನವೇ ವೇಬ್ರಿಡ್ಜಿನ ಫೋಲ್ಡರ್ ಸಿಗದಾಗುವುದು ಇದರಿಂದ. ಅನಿವಾರ್ಯವಾದರೆ ಹಂಚುವ ಫೋಲ್ಡರನ್ನು ಹಳೆಯ ಯಂತ್ರದಲ್ಲೇ ಇಟ್ಟು, ಹೊಸದರ ‘ವಿಂಡೋಸ್ ಫೀಚರ್ಸ್’ನಲ್ಲಿ ಎಸ್‌ಎಂಬಿ 1ರ ‘ಕ್ಲೈಂಟ್’ ಭಾಗವನ್ನು ಮಾತ್ರ ಹಾಕಿ. ‘ಸರ್ವರ್’ ಭಾಗ ಖಂಡಿತ ಬೇಡ. ಅಲ್ಲಿಯೇ ಇರುವ ‘ಆಟೊಮ್ಯಾಟಿಕ್ ರಿಮೂವಲ್’ ಗುರುತನ್ನು ತೆಗೆಯದಿದ್ದರೆ, 15 ದಿನ ಬಳಸದಿದ್ದಾಗ ಕ್ಲೈಂಟ್ ತಾನಾಗಿ ಅಳಿಸಿಹೋಗಿ ಸುಗ್ಗಿಯ ಮೊದಲ ಲಾರಿ ಬಂದ ದಿನ ಮತ್ತೆ ಕರೆ ಬರುತ್ತದೆ. ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ವಿಳಾಸದ ಪಟ್ಟಿಯಲ್ಲಿ \\192.168.1.20 ಎಂಬಂತೆ ನೇರ ವಿಳಾಸ ಕೊಡಿ.

ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದೆ. ಅಂಥ ಯಂತ್ರಕ್ಕೆ ಇಂಟರ್ನೆಟ್ ಬೇಡವೇ ಬೇಡ ಎಂಬುದು ನನ್ನ ಪಟ್ಟು. ಅದಕ್ಕೆ ಸ್ಥಿರ ವಿಳಾಸ ಕೊಟ್ಟು ಗೇಟ್‌ವೇ ಮತ್ತು ಡಿಎನ್ಎಸ್ ಜಾಗವನ್ನು ಖಾಲಿ ಬಿಟ್ಟರೆ ಕಚೇರಿಯೊಳಗಿನ ಯಂತ್ರಗಳೊಂದಿಗೆ ಮಾತಾಡುತ್ತದೆ, ಹೊರಗೆ ತಾನಾಗಿ ಹೋಗುವುದಿಲ್ಲ. ತೂಕದ ಚೀಟಿಗೆ ಅಷ್ಟು ಸಾಕು.

ಕೆಲಸ ಮುಗಿಯಿತೆನಿಸಿದಾಗ ಯಂತ್ರವನ್ನು ಪೂರ್ತಿ ಆಫ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ ದಿನಾಂಕವೂ ನೆಟ್ಟೂ ಸರಿಯಿವೆಯೇ ನೋಡಿ. ಕೇಬಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಆ ಸಂಖ್ಯೆ, ಹೊಸ ಕಾರ್ಡಿನ ಫಿಸಿಕಲ್ ಅಡ್ರೆಸ್, ಬ್ಯಾಟರಿ ಬದಲಿಸಿದ ತಾರೀಖು ಇವನ್ನು ನೋಟ್‌ಪುಸ್ತಕದಲ್ಲಿ ಬರೆದು, ಪುಸ್ತಕವನ್ನು ಆ ಕಚೇರಿಯಲ್ಲೇ ಬಿಟ್ಟು ಬನ್ನಿ.